ಇಲ್ಲಿಂದ ಮುಂದೆ ಗಾಡಿ ಹೋಗುವಂತಿಲ್ಲ

ಬೈಕಿನ ಸದ್ದು ಕೇಳುತ್ತಲೇ ಅನುಪಮಾಗೆ ತಲೆ ಸಿಡಿಯತೊಡಗಿತು. ರಜೆ ಬಂದರೆ ಸಾಕು, ಎಲ್ಲೆಲ್ಲಿಂದಲೋ ಬರುವ ಹುಡುಗರು ಹಂದನಕೆರೆ ಹತ್ತಿರದ ಈ ಕಾವಲಿನ ಹುಲ್ಲುಬಯಲನ್ನೆಲ್ಲ ಬೈಕಿನಲ್ಲೇ ಉತ್ತು ಹೋಗುತ್ತಿದ್ದರು. ಅದಕ್ಕೇ ಅರಣ್ಯ ಇಲಾಖೆ ದಾರಿಗೆ ಸರಪಳಿ ಹಾಕಿಸಿ, ಬೋರ್ಡು ನೆಟ್ಟು, ಗಾರ್ಡ್ ಅನುಪಮಾಳನ್ನು ಪಕ್ಕದಲ್ಲಿ ನಿಲ್ಲಿಸಿತ್ತು.

ಬೈಕು ಸರಪಳಿಯ ಮುಂದೆ ನಿಂತೊಡನೆ ಅವಳು ಕೈಹಾಕಿ ಕೀ ಕಿತ್ತುಕೊಂಡಳು.

"ಬೋರ್ಡು ಓದಕ್ಕೆ ಬರಲ್ವಾ?"

ಹೆಲ್ಮೆಟ್ ತೆಗೆದವನು ಹುಡುಗನಲ್ಲ. ನಲವತ್ತು ದಾಟಿರಬಹುದು. ಕಿವಿಯ ಮೇಲೆ ನರೆ, ಕಣ್ಣಲ್ಲಿ ಅವಳಷ್ಟೇ ದಣಿವು.

"ಬತ್ತದೆ ಮೇಡಂ. ಆಟ ಆಡಕ್ಕೆ ಬಂದಿಲ್ಲ ಕಣ್ರೀ. ಪಶು ಆಸ್ಪತ್ರೆ ಕಾಂತೇಶ್ ನಾನು. ಲಕ್ಕಯ್ಯನ ಕುರಿಗಳಿಗೆ ಇಂಜೆಕ್ಷನ್ ಹಾಕ್ಬೇಕು." ಹಿಂದಿನ ಸೀಟಿಗೆ ಕಟ್ಟಿದ್ದ ಐಸ್ ಡಬ್ಬಿ ತೋರಿಸಿದ.

ಅವಳಿಗೆ ನಾಚಿಕೆಯಾಯಿತು. ಕೀ ವಾಪಸು ಕೊಟ್ಟಳು, ಸರಪಳಿ ಬಿಚ್ಚಲಿಲ್ಲ.

"ಯಾರ ಗಾಡೀನೂ ಬಿಡಂಗಿಲ್ಲ ಸಾರ್. ಆರ್ಡರ್ ಹಂಗೈತೆ."

ಜಗಳಕ್ಕೆ ಬರುತ್ತಾನೆಂದು ಕಾದಳು. ಅವನು ಡಬ್ಬಿಯನ್ನು ಹೆಗಲಿಗೇರಿಸಿಕೊಂಡು, ಸರಪಳಿ ದಾಟಿ ನಡೆದೇಬಿಟ್ಟ. ಕುರಿ ರೊಪ್ಪಕ್ಕೆ ಮೂರು ಕಿಲೋಮೀಟರ್. ನೆತ್ತಿ ಸುಡುವ ಬಿಸಿಲು.

ಸಂಜೆ ಕಾಲೆಳೆಯುತ್ತ ಬಂದವನಿಗೆ ಅವಳೇ ನೀರು ಕೊಟ್ಟಳು.

"ಬೇರೆಯವರಾಗಿದ್ರೆ ಬೈತಿದ್ರು."

"ಬೈಯಕ್ಕೂ ತ್ರಾಣ ಬೇಕಲ್ಲ ಮೇಡಂ."

ನಗು ಬಂತು. ನಕ್ಕು ಎಷ್ಟು ದಿನವಾಗಿತ್ತೋ, ಅವಳಿಗೇ ನೆನಪಿರಲಿಲ್ಲ.

ಕಾವಲಿನ ಆಚೆ ಇನ್ನೂ ಏಳೆಂಟು ರೊಪ್ಪಗಳಿದ್ದವು. ಎರಡು ತಿಂಗಳು ಮಂಗಳವಾರ, ಶುಕ್ರವಾರ ಅವನು ಬಂದ, ಬೈಕು ನಿಲ್ಲಿಸಿದ, ನಡೆದ. ಹೊರಡುವ ಮುಂಚೆ ಬೈಕಿನ ಕನ್ನಡಿ ನೋಡಿಕೊಂಡು ತಲೆ ಬಾಚುತ್ತಿದ್ದ. ಇರುವ ನಾಲ್ಕು ಕೂದಲಿಗೆ ಅಷ್ಟು ಹೊತ್ತೇಕೆ ಎಂದುಕೊಂಡು ಅವಳೊಮ್ಮೆ ದಿಟ್ಟಿಸಿದರೆ, ಕನ್ನಡಿಯೊಳಗಿನ ಕಣ್ಣು ಇವಳ ಕಡೆಗೇ ಇತ್ತು. ತಟ್ಟನೆ ರಿಜಿಸ್ಟರಿಗೆ ತಲೆ ಬಗ್ಗಿಸಿದಳು. ಕೆನ್ನೆ ಬಿಸಿಯಾಗಿತ್ತು.

"ಹೆಣ್ಣು ನೋಡಕ್ಕೆ ಅಂತ ಹದಿನೇಳು ಮನೆ ಉಪ್ಪಿಟ್ಟು ತಿಂದೆ," ಎಂದ ಒಂದು ಸಂಜೆ. "ಆಮೇಲೆ ಉಪ್ಪಿಟ್ಟೇ ಬುಟ್ಟೆ."

"ನಾನು ಒಂದೇ ಮನೇಲಿ ಎರಡು ವರ್ಷ ಉಪ್ಪಿಟ್ಟು ಮಾಡ್ದೆ. ಆಮೇಲೆ ಮನೇನೇ ಬುಟ್ಟೆ."

ಅವನು ಬುತ್ತಿಯಲ್ಲಿ ಉಳಿದಿದ್ದ ರೊಟ್ಟಿ ಮುರಿದು ಅರ್ಧ ಅವಳಿಗೆ ಕೊಟ್ಟ.

ಒಂದು ಶುಕ್ರವಾರ ಅವನು ಇನ್ನೂ ಡಬ್ಬಿ ಬಿಚ್ಚುತ್ತಿದ್ದಾಗಲೇ ಲಕ್ಕಯ್ಯನ ಫೋನು ಬಂತು. "ಸಾರ್, ನನ್ನ ಹೆಂಡ್ರು ರಂಗಕ್ಕನಿಗೆ ಹಾವು ಕಚ್ಚೈತೆ! ಬ್ಯಾಗ ಬನ್ನಿ!"

ಕಾಂತೇಶ್ ಬೈಕು ನೋಡಿದ, ಸರಪಳಿ ನೋಡಿದ, ಕೊನೆಗೆ ಅವಳನ್ನು ನೋಡಿದ.

ಅನುಮತಿ ಕೇಳಲು ಅವಳು ರೇಂಜರ್ ಸಾಹೇಬರಿಗೆ ಮಾಡಿದ ಫೋನು ಎರಡು ಸಲವೂ ರಿಂಗಾಗಿ ನಿಂತಿತು. ಅನುಪಮಾ ಬೀಗ ತೆಗೆದು ಅವನ ಹಿಂದೆ ಕೂತಳು. ವಾಪಸು ಬರುವಾಗ ಇಬ್ಬರ ನಡುವೆ ರಂಗಕ್ಕ. ಹಳ್ಳ ದಿಣ್ಣೆಗಳಲ್ಲಿ ಬೈಕು ಕುಪ್ಪಳಿಸಿದಾಗೆಲ್ಲ ಅನುಪಮಾ ಮುದುಕಿಯನ್ನು ಬಳಸಿ ಅವನ ಶರ್ಟು ಹಿಡಿದಳು. ಆಸ್ಪತ್ರೆಯಲ್ಲಿ ಸಕಾಲಕ್ಕೆ ಔಷಧಿ ಸಿಕ್ಕಿತು. ಮೂರನೇ ದಿನ ರಂಗಕ್ಕ ಎದ್ದು ಕೂತು ಮುದ್ದೆ ಕೇಳಿದಳು.

ಆದರೆ ಯಾರೋ ವಿಡಿಯೊ ಮಾಡಿದ್ದರು. ಆ ಬೈಕು ಬಿಟ್ಟವರು ನಮ್ಮದನ್ನೇಕೆ ಬಿಡಲ್ಲ ಎಂದು ಹುಡುಗರು ಗಲಾಟೆ ಎಬ್ಬಿಸಿದರು. ಅನುಮತಿಯಿಲ್ಲದೆ ಬೀಗ ತೆಗೆದದ್ದೇಕೆಂದು ಅನುಪಮಾಗೆ ಮೆಮೊ ಬಂತು.

ಕಾಂತೇಶ್ ಒಂದು ಕಾಗದ ಬರೆದುಕೊಂಡು ಬಂದ. "ಬೀಗ ಒಡೆದೋನು ನಾನೇ ಅಂತ ಬರ್ದಿದ್ದೀನಿ. ನಿಮ್ಮ ಕೆಲಸ ಉಳೀಲಿ."

ಓದುತ್ತ ಅವಳ ಕಣ್ಣು ತುಂಬಿತು, ಜೊತೆಗೇ ಸಿಟ್ಟೂ ಬಂತು. ಕಾಗದವನ್ನು ಹರಿದು ಹಾಕಿದಳು.

"ಸುಳ್ಳು ಹೇಳಿ ನನ್ನ ಕಾಪಾಡೋರು ಬ್ಯಾಡ ಸಾರ್. ನಿಜ ಹೇಳಕ್ಕೆ ಜೊತೇಲಿ ಬರೋರಿದ್ರೆ ಬರ್ಲಿ."

ಬಂದ. ಚಿಕ್ಕನಾಯಕನಹಳ್ಳಿಯಲ್ಲಿ ಸಾಹೇಬರ ಮೇಜಿನ ಮುಂದೆ ಅವಳ ಪಕ್ಕದಲ್ಲೇ ನಿಂತು ನಡೆದದ್ದನ್ನು ನಡೆದ ಹಾಗೆ ಹೇಳಿದ. ಸಾಹೇಬರು ಕೇಳಿಸಿಕೊಂಡರು. ಇನ್ನು ಮುಂದೆ ಆಂಬುಲೆನ್ಸ್, ಪಶು ಆಸ್ಪತ್ರೆ ಗಾಡಿ ಬಂದರೆ ಬಿಡಬೇಕೆಂದು ಆರ್ಡರ್ ಬರೆಸಿದರು. ಅನುಪಮಾಳನ್ನು ಮಾತ್ರ ತುರುವೇಕೆರೆ ಕಡೆಯ ಸಸಿ ನರ್ಸರಿಗೆ ಹಾಕಿದರು. "ಅಲ್ಲಿ ನೆರಳಾದ್ರೂ ಐತೆ ಕಣಮ್ಮ," ಎಂದರು.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ತುರುವೇಕೆರೆ ಬಸ್ಸಿಗೆ ಕಾಯುತ್ತ ಕೂತರು.

"ಇನ್ಮೇಲೆ ನಿಮ್ಮ ಬೈಕು ಒಳಗೆ ಹೋಗ್ತದೆ," ಎಂದಳು ಅನುಪಮಾ.

"ಹೋಗ್ತದೆ. ತಡೆಯೋರು ಇಲ್ದಿದ್ರೆ ಹೋಗೋದ್ರಲ್ಲಿ ಏನೈತೆ?"

ಅವಳು ಬ್ಯಾಗಿನ ಹಿಡಿಯನ್ನು ಬೆರಳಿಗೆ ಸುತ್ತತೊಡಗಿದಳು.

"ನಂಗೆ ಸುಸ್ತಾಗೈತೆ ಅನುಪಮಾ," ಎಂದ ಮೆಲ್ಲಗೆ. ಮೊದಲ ಸಲ ಅವಳನ್ನು ಹೆಸರು ಹಿಡಿದು ಕರೆದಿದ್ದ. "ನಿಮಗೂ ಆಗೈತೆ. ಇಬ್ಬರೂ ಒಂದೇ ಕಡೆ ದಣಿವಾರಿಸ್ಕೊಳ್ಳೋಣ್ವಾ?"

"ನಂಗೆ ಸಿಟ್ಟು ಜಾಸ್ತಿ."

"ಗೊತ್ತು. ಎದುರಿಗೇ ಕಾಗದ ಹರಿದ್ರಲ್ಲ."

ಅವಳ ತುಟಿಯಂಚು ತಡೆಯಲಾರದೆ ಅರಳಿತು. ಅಷ್ಟರಲ್ಲಿ ಬಸ್ಸು ಬಂದು ನಿಂತಿತು. ತುರುವೇಕೆರೆ, ತುರುವೇಕೆರೆ ಎಂದು ಕಂಡಕ್ಟರ್ ಕೂಗತೊಡಗಿದ.

"ಬಸ್ ಬಂತು," ಎಂದ ಕಾಂತೇಶ್. ಅವನ ದನಿ ಸೋತಿತ್ತು.

ಅನುಪಮಾ ಏಳಲಿಲ್ಲ. ತೊಡೆಯ ಮೇಲಿದ್ದ ಬ್ಯಾಗನ್ನು ಕೆಳಗಿಟ್ಟು, ಒಂದಿಷ್ಟೇ ಅವನ ಕಡೆಗೆ ಸರಿದು ಕೂತಳು.

"ಹೋಗ್ಲಿ ಬುಡ್ರೀ," ಎಂದಳು.