ಎಡಗಡೆಯ ಮೋಡ

ಬಿಟಿಎಂ ಲೇಔಟಿನ ಆ ಆಫೀಸಿನಲ್ಲಿ ಯಾರು ಕರೆದರೂ ಯುವರಾಜ್ ಕಂಪ್ಯೂಟರಿನಿಂದ ಮುಖ ಎತ್ತುತ್ತಿರಲಿಲ್ಲ. ಎಡಗಡೆ ಕೂರುವ ವನಿತಾ ಮಾತಾಡಿಸಿದರೆ ಮಾತ್ರ, ನೊಗದ ಎತ್ತು ಜೊತೆಯ ಎತ್ತನ್ನು ಹುಡುಕುವ ಹಾಗೆ ಇಡೀ ಕತ್ತು ಹೊರಳಿಸಿ, ಅವಳ ಮುಖ ಪೂರ್ತಿ ಸಿಕ್ಕ ಮೇಲೆ ನಗುತ್ತಿದ್ದ.

“ಮೆಲ್ಲಗೆ ಗುರು, ಕತ್ತು ಉಳುಕೀತು!” ಎಂದು ಹಿಂದಿನ ಸಾಲಿನ ಕೈಲಾಸ್ ರೇಗಿಸುತ್ತಿದ್ದ. ವನಿತಾ ಜಡೆ ಮುಂದಕ್ಕೆಳೆದುಕೊಂಡು ತಲೆ ತಗ್ಗಿಸುತ್ತಿದ್ದಳು.

ಉಪಗ್ರಹ ತೆಗೆದ ಚಿತ್ರಗಳಲ್ಲಿ ಮೋಡ ಓದುವುದು ಅವರ ಕೆಲಸ. ದೂರದ ಸಮುದ್ರದ ದ್ವೀಪಗಳ ಮೇಲೆ ಬರೀ ಮೋಡ ಯಾವುದು, ಸುತ್ತಿಕೊಳ್ಳುತ್ತಿರುವ ಬಿರುಗಾಳಿ ಯಾವುದು ಎಂದು ಯುವರಾಜ್ ಗೆರೆ ಎಳೆಯುತ್ತಿದ್ದ. ವನಿತಾ ತಿದ್ದಿ ಕಳಿಸುತ್ತಿದ್ದಳು. ಅವನ ಗೆರೆ ರಾಗಿ ಹೊಲದ ಬದುವಿನಂತೆ ಅಚ್ಚುಕಟ್ಟು.

ಈ ಮಳೆಗಾಲದಲ್ಲಿ ಅದು ತಪ್ಪತೊಡಗಿತು. ಸಣ್ಣ ಮೋಡಗಳು ಬಿಟ್ಟುಹೋಗುತ್ತಿದ್ದವು. ಅವಳು ಸದ್ದಿಲ್ಲದೆ ತುಂಬುತ್ತಿದ್ದಳು. ಒಂದು ಮಧ್ಯಾಹ್ನ ಇಡೀ ಬಿರುಗಾಳಿಯೇ ಬಿಟ್ಟುಹೋಗಿತ್ತು. ನಡುವೆ ಕಪ್ಪು ಕಣ್ಣು ತೆರೆದುಕೊಂಡು ದ್ವೀಪದತ್ತ ಬರುತ್ತಿತ್ತು. ಅದಕ್ಕೆ ಗೆರೆ ಎಳೆದು ಕಳಿಸಿ, ಹಳೆಯ ಚಿತ್ರಗಳನ್ನು ತೆರೆದಳು. ಬಿಟ್ಟುಹೋದದ್ದೆಲ್ಲ ಚಿತ್ರದ ಎಡಗಡೆಯದೇ.

ಎದ್ದು ಹೋಗಿ ಟೀ ತಂದು, ಮಾತಾಡದೆ ಅವನ ಎಡಗೈ ಪಕ್ಕ ಇಟ್ಟಳು. ಹಬೆಯಾಡುತ್ತಿದ್ದ ಲೋಟ ಅಲ್ಲೇ ಆರಿತು.

“ಇವತ್ತು ನಂಗೆ ಟೀ ಇಲ್ವಾ ಮೇಡಂ?”

“ಇಟ್ಟು ಎಷ್ಟೊತ್ತಾಯ್ತು.”

ಅವನು ಕತ್ತು ಹೊರಳಿಸಿ ಲೋಟ ನೋಡಿದ, ಆಮೇಲೆ ಅವಳನ್ನು. ಈ ಸಲ ನಗಲಿಲ್ಲ.

“ಯಾವಾಗಿಂದ ಯುವರಾಜ್?”

“ಯುಗಾದಿಯಿಂದ. ಕಣ್ಣಿನ ನರ ಒಣಗ್ತಿದೆಯಂತೆ. ಎಡಗಡೆ ನೋಟ ಹೋಯ್ತು, ವಾಪಸ್ ಬರಲ್ಲ ಅಂದ್ರು ಜಯನಗರದ ಡಾಕ್ಟ್ರು. ಬಲಗಡೆನೂ ಜಾಸ್ತಿ ದಿನ ಉಳಿಯಲ್ವಂತೆ.” ದನಿ ತಗ್ಗಿಸಿದ. “ಮ್ಯಾನೇಜರ್‌ಗೆ ಹೇಳ್ಬೇಡಿ. ಈ ಕೆಲ್ಸ ಬಿಟ್ರೆ ನಂಗೆ ಬೇರೆ ಗೊತ್ತಿಲ್ಲ.”

“ಆ ದ್ವೀಪದಲ್ಲಿ ಜನ ಇದಾರೆ.”

ಅವನು ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟ. “ನಾನೇ ಹೇಳ್ತೀನಿ,” ಎಂದ.

ಅವನು ಏಳುವ ಮುಂಚೆ ಅವಳು ಕೇಳಿಬಿಟ್ಟಳು. “ಹಂಗಾದ್ರೆ ನನ್ ಕಡೆ ತಿರುಗ್ತಿದ್ದಿದ್ದು ಕಣ್ ಕಾಣ್ದೆ ಇದ್ದಿದ್ದಕ್ಕಾ? ನಾನು ಏನೇನೋ ಅನ್ಕೊಂಡಿದ್ದೆ.”

“ಹುಚ್ಚಿ ನೀನು.” ಮೇಡಂ ಎನ್ನುವ ಮಾತು ಎಲ್ಲೋ ಬಿದ್ದುಹೋಗಿತ್ತು. “ಎಡಗಡೆ ಮೋಡಾನೂ ಇತ್ತು, ಬಿರುಗಾಳಿನೂ ಇತ್ತು. ಅವಕ್ಕೆ ಕತ್ತು ತಿರುಗಿಸಿದ್ನಾ?”

ಮ್ಯಾನೇಜರ್ ಕೋಣೆಯತ್ತ ಹೊರಟವನ ಎಡಗಡೆಗೆ ವನಿತಾ ಬಂದಳು. ದಾರಿಗೆ ಅಡ್ಡವಿದ್ದ ಕುರ್ಚಿಯನ್ನು ಕಾಲಲ್ಲಿ ಸರಿಸಿ, ಎಲ್ಲರೆದುರೇ ಅವನ ಕೈ ಹಿಡಿದಳು.

ಕೈಲಾಸ್ ರೇಗಿಸಲಿಲ್ಲ.