ತಡೆದ ಸಿಗರೇಟು

ಸೋಮವಾರ ಬೆಳಿಗ್ಗೆ ಠಾಣೆಯ ಕಸ ಗುಡಿಸಿ ಮುಗಿಯುವ ಮೊದಲೇ ಒಬ್ಬ ಹೆಂಗಸು ಬಂದು ಬೆಂಚಿನ ಮೇಲೆ ಕುಕ್ಕರಿಸಿದಳು. ಮನೋರೋಗಿಗಳ ಆರೈಕೆ ಕೇಂದ್ರದಲ್ಲಿದ್ದ ಅವಳ ತಮ್ಮ ಹಿಂದಿನ ದಿನ ಸತ್ತಿದ್ದ.

"ನಿದ್ದೇಲೇ ಹೋದ ಅಂತಾರೆ ಮೇಡಂ. ಹೋದ ತಿಂಗಳು ಕೇರಂ ಆಟದಲ್ಲಿ ನನ್ನ ಸೋಲಿಸಿ ಕುಣಿದಿದ್ದ."

ಇನ್‌ಸ್ಪೆಕ್ಟರ್ ಎಫ್‌ಐಆರ್ ಹಾಕಿಸಿ ಶವವನ್ನು ಮರಣೋತ್ತರ ಪರೀಕ್ಷೆಗೆ ಕಳಿಸಿದಳು. ವರದಿ ಬಂತು: ರಕ್ತದಲ್ಲಿ ಅವನು ದಿನಾ ನುಂಗುತ್ತಿದ್ದ ಮನೋರೋಗದ ಔಷಧಿ ಕ್ಲೋಜಪಿನ್ ವಿಪರೀತ. ಆದರೆ ಕೇಂದ್ರದಲ್ಲಿ ಒಂದು ಮಾತ್ರೆಯೂ ಹೆಚ್ಚಿಗೆ ಖರ್ಚಾಗಿರಲಿಲ್ಲ.

"ಹಾಗಾದ್ರೆ ಆಕಾಶದಿಂದ ಉದುರಿತಾ?" ಎಂದು ಗೊಣಗುತ್ತ ಇನ್‌ಸ್ಪೆಕ್ಟರ್ ಸತ್ತವನ ವೈದ್ಯರ ಬಳಿ ಹೋದಳು.

"ಸಿಗರೇಟು ನಿಲ್ಲಿಸಿದ್ರಾ?" ವೈದ್ಯರು ಥಟ್ಟನೆ ಕೇಳಿದರು.

"ಅದಕ್ಕೂ ಇದಕ್ಕೂ ಏನ್ ಸಂಬಂಧ?"

"ಈ ಔಷಧಿನ ಕರಗಿಸೋದು ಲಿವರ್‌ನ ಒಂದು ಕಿಣ್ವ. ಹೊಗೆ ಸೇದೋರಲ್ಲಿ ಅದು ಜಾಸ್ತಿ ಚುರುಕು. ಅದಕ್ಕೇ ಅವನಿಗೆ ಡೋಸ್ ಜಾಸ್ತಿ ಇಟ್ಟಿದ್ದೆ. ಹೊಗೆ ನಿಂತ ಕೆಲವೇ ದಿನಕ್ಕೆ ಕಿಣ್ವ ನಿಧಾನ ಆಗುತ್ತೆ, ಅದೇ ಮಾತ್ರೆ ಮೈಯಲ್ಲಿ ಸೇರಿ ಸೇರಿ ವಿಷ ಆಗುತ್ತೆ. ಜೊಲ್ಲು, ತೂರಾಟ, ಫಿಟ್ಸ್. ಬಿಡಿಸೋದಾದ್ರೆ ಮೊದಲು ನನಗೆ ಹೇಳಿ ಅಂತ ವಾರ್ಡನ್‌ಗೆ ಬಾಯಿಬಿಟ್ಟು ಹೇಳಿದ್ದೆ."

ಕೇಂದ್ರಕ್ಕೆ ಹೋದಾಗ ವಾರ್ಡನ್ ಕೀಗೊಂಚಲು ತಿರುಗಿಸುತ್ತ ನಿಂತಿದ್ದ. "ಅವನ ಅಕ್ಕನೇ ಬಿಡಿಸಿ ಅಂದಿದ್ದು. ಅವರನ್ನೇ ಕೇಳಿ."

ಜೊತೆಗೆ ಬಂದಿದ್ದ ಅಕ್ಕನ ಮುಖ ಬಿಳಿಚಿತು. "ಅಂದಿದ್ದೆ ಮೇಡಂ. ಕೆಮ್ಮು ಜಾಸ್ತಿ ಇತ್ತು. ನಾನೇ ಕೊಂದೆನಾ?"

ಇನ್‌ಸ್ಪೆಕ್ಟರ್ ಅವಳನ್ನು ಬೆಂಚಿನ ಮೇಲೆ ಕೂರಿಸಿ, ಪಂಚನಾಮೆಗೆ ಕಾನ್‌ಸ್ಟೆಬಲ್‌ನನ್ನು ಕರೆದಳು.

ಪಂಚನಾಮೆಯ ವೇಳೆ ಅಂಗಳದಲ್ಲಿ ರೋಗಿಗಳು ಸಾಲಾಗಿ ನಿಂತಿದ್ದರು. ಒಬ್ಬೊಬ್ಬನೂ ವಾರ್ಡನ್ ಕಪಾಟಿನ ಮುಂದೆ "ಸಾರ್" ಎಂದು ಕೈಚಾಚಿ ಸಿಗರೇಟು ತೆಗೆದುಕೊಳ್ಳುವುದು ಅಲ್ಲಿನ ಪದ್ಧತಿ.

"ಇವರಿಗೆಲ್ಲ ಉಂಟು, ಅವನಿಗೆ ಮಾತ್ರ ಯಾಕಿಲ್ಲ?" ಕಾನ್‌ಸ್ಟೆಬಲ್ ಕೇಳಿದ.

ಸಾಲಿನಲ್ಲಿದ್ದ ಮುದುಕ ಕಿಸಕ್ಕೆಂದ. "ಅವ್ನು ಸಾರ್ ಅಂತಿರ್ಲಿಲ್ಲಪ್ಪ. 'ಏ ಬೀಗದಕೈ' ಅಂತಿದ್ದ. ನಾವೆಲ್ಲ ಬಿದ್ದೂ ಬಿದ್ದೂ ನಗ್ತಿದ್ವಿ."

ಇನ್‌ಸ್ಪೆಕ್ಟರ್ ವಾರ್ಡನ್ ಕಡೆ ತಿರುಗಿದಳು.

"ಜೊಲ್ಲು ಸುರಿಸ್ತಾ ಬಿದ್ದಿದ್ದು ನೋಡಿದ್ಯಾ?"

"ನೋಡಿದೆ."

"ಡಾಕ್ಟರ್ ಹೇಳಿದ್ದು ನೆನಪಿತ್ತಾ?"

ಕೀಗೊಂಚಲಿನ ಸದ್ದು ನಿಂತಿತು. "ಇತ್ತು. ಫೋನ್ ಮಾಡಿದ್ರೆ ಡೋಸ್ ಇಳಿಸಿಬಿಡ್ತಿದ್ರು, ಮತ್ತೆ ಎದ್ದು ನಗಿಸ್ತಿದ್ದ. ಒಂದೇ ಒಂದ್ಸಲ ಸಾರ್ ಅನ್ನಲಿ ಅಂತ ಕಾದೆ."

"ನಾಲಗೆ ಹೊರಳದೇ ಇದ್ದೋನು ಹೇಗಯ್ಯಾ ಸಾರ್ ಅಂತಾನೆ? ಥೂ! ಕೈ ನೀಡು."

ಬೇಡಿ ಬಿತ್ತು. ಇನ್‌ಸ್ಪೆಕ್ಟರ್ ಅಕ್ಕನ ಪಕ್ಕ ಕೂತಳು. "ನೀವು ಸಿಗರೇಟು ಬಿಡಿಸಿ ಅಂದ್ರಿ, ಅಷ್ಟೇ ಕಣಮ್ಮ. ಡಾಕ್ಟರಿಗೆ ಹೇಳದೆ ಕೂತಿದ್ದು ಇವನು."

ಅವಳು ತಲೆಯಾಡಿಸಿದಳು. ಆಮೇಲೆ, ಅಷ್ಟು ಹೊತ್ತೂ ತಡೆದಿದ್ದ ಅಳು ಬಂತು.

ವಾರ್ಡನ್‌ನನ್ನು ಜೀಪಿಗೆ ಹತ್ತಿಸಿದಾಗ ಬೀದಿಯ ಅಂಗಡಿಯವರು ಕತ್ತೆತ್ತಿ ನೋಡಿದರು. ಎಷ್ಟೋ ವರ್ಷ ಅದೇ ಬೀದಿಯಲ್ಲಿ ಓಡಾಡಿದ್ದವನು. ಯಾರು ಅವನು ಎಂದು ಅವರು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಅವನನ್ನು ಸಾರ್ ಎನ್ನುವವರೆಲ್ಲ ಇದ್ದದ್ದು ಆ ಗೇಟಿನೊಳಗೆ ಮಾತ್ರ.