ಹೊರಗಿನ ನಾಲ್ಕು ಸ್ಕ್ರೂ

ಕಿಟಕಿಯ ಗ್ರಿಲ್ ಹಿತ್ತಲ ಗೋಡೆಗೆ ಒರಗಿ ನಿಂತಿತ್ತು. ಅದರ ನಾಲ್ಕು ಸ್ಕ್ರೂಗಳು ಕಿಟಕಿ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದವು. ಕೋಣೆಯೊಳಗೆ ಬೀರುವಿನ ಬಾಗಿಲು ತೆರೆದಿತ್ತು. ಒಡವೆ ಡಬ್ಬಿ ಮಾಯ.

ಮನೆಯೊಡತಿ ಟೈಲರಮ್ಮ ತಲೆಮೇಲೆ ಕೈಹೊತ್ತು ಕೂತಿದ್ದಳು.

"ಬೆಳಿಗ್ಗೆ ಬೀಗ ಹಾಕ್ಕೊಂಡು ಅಂಗಡಿಗೆ ಹೋದೆ ಮೇಡಂ. ಮಧ್ಯಾಹ್ನ ಊಟಕ್ಕೆ ಬಂದ್ರೆ ಹೀಗೆ. ಹೋದ ವಾರ ತಾನೇ ಗ್ರಿಲ್ ಹಾಕಿಸಿದ್ದು!"

"ಯಾರು ಹಾಕಿದ್ದು?" ಇನ್‌ಸ್ಪೆಕ್ಟರಮ್ಮ ಕೇಳಿದರು.

ಉತ್ತರ ಬಂದದ್ದು ಬಾಗಿಲಲ್ಲಿ ನಿಂತಿದ್ದ ಅವಳ ಮೈದುನನಿಂದ. "ಚಿಲಕ ಅಂತ. ಹಳೇ ಕಳ್ಳ. ಜೈಲಿಂದ ಬಂದು ಈಗ ಊರಿಗೆಲ್ಲ ಕಿಟಕಿ ಭದ್ರ ಮಾಡ್ತಾನಂತೆ."

"ಅವನು ಕೆಲಸ ಮಾಡೋವಾಗ ನೀವಿದ್ರಾ?"

"ಮಹಡಿ ಮೇಲೆ ಮಲಗಿದ್ದೆ. ಮುಗೀತು ಅಂತ ಕೂಗಿದ, ಬಂದು ಬಾಗಿಲು ಹಾಕ್ಕೊಂಡೆ. ಅಷ್ಟೇ."

ಇನ್‌ಸ್ಪೆಕ್ಟರಮ್ಮ ಮುಂಬಾಗಿಲ ಬೀಗ ನೋಡಿದರು. ಒಂದು ಗೀರೂ ಇರಲಿಲ್ಲ. ಅದಕ್ಕೆ ಎರಡೇ ಕೀಲಿ. ಒಂದು ಅತ್ತಿಗೆಯ ಹತ್ತಿರ, ಇನ್ನೊಂದು ಮೈದುನನ ಹತ್ತಿರ.

*

ಠಾಣೆಯ ಬೆಂಚಿನ ಮೇಲೆ ಚಿಲಕ ತಲೆತಗ್ಗಿಸಿ ಕೂತಿದ್ದ. ಬಾಗಿಲ ಹೊರಗೆ ಅವನ ಮಗಳು, ಕೈಯಲ್ಲಿ ಬಟ್ಟೆ ಚೀಲ. ಹತ್ತು ವರ್ಷ ಅಪ್ಪನ ಮುಖ ನೋಡದವಳು, ಇನ್ನು ಕದಿಯುವುದಿಲ್ಲ ಎಂಬ ಮಾತಿನ ಮೇಲೆ ಅವನ ಮನೆಗೆ ಬಂದು ಇಪ್ಪತ್ತು ದಿನವಾಗಿತ್ತು. ಈಗ ಒಳಗೂ ಬರದೆ, ಹೊರಟೂ ಹೋಗದೆ ನಿಂತಿದ್ದಳು.

ಹೆಡ್ ಕಾನ್‌ಸ್ಟೇಬಲ್ ಸಂಭ್ರಮದಲ್ಲಿದ್ದ. "ಇವನ ಪೆಟ್ಟಿಗೇಲಿರೋ ಸ್ಕ್ರೂಡ್ರೈವರ್ ಆ ಸ್ಕ್ರೂಗಳಿಗೆ ಸರಿಯಾಗಿ ಕೂರುತ್ತೆ ಮೇಡಂ. ಇನ್ನೇನು ಬೇಕು?"

"ನಮ್ಮನೇದೂ ಕೂರುತ್ತೆ. ನನ್ನನ್ನೂ ಒಳಗೆ ಹಾಕಿ."

ಹೆಡ್ಡಿನ ಉತ್ಸಾಹ ಠುಸ್ಸಾಯಿತು. ಇನ್‌ಸ್ಪೆಕ್ಟರಮ್ಮ ಚಿಲಕನ ಎದುರು ಕೂತರು. "ಏನಾದ್ರೂ ಹೇಳೋದಿದ್ಯಾ?"

"ನಾನು ಹೇಳಿದ್ರೆ ಯಾರು ನಂಬ್ತಾರೆ ಮೇಡಂ?"

"ಗ್ರಿಲ್ ಬಗ್ಗೆ ಹೇಳು. ಕೆಲಸದ ಬಗ್ಗೆ."

ಅವನು ಮೊದಲ ಸಲ ತಲೆಯೆತ್ತಿದ. "ಆ ನಾಲ್ಕು ಸ್ಕ್ರೂ ಏನನ್ನೂ ಹಿಡ್ಕೊಂಡಿಲ್ಲ. ಬರೀ ತೋರಿಕೆ. ಕಳ್ಳ ಕಿಟಕಿ ಹತ್ರ ಐದು ನಿಮಿಷಕ್ಕಿಂತ ಜಾಸ್ತಿ ನಿಲ್ಲಲ್ಲ. ಅಷ್ಟೂ ಹೊತ್ತು ಸ್ಕ್ರೂ ತಿರುಗಿಸ್ಕೊಂಡು ಸಾಯ್ಲಿ ಅಂತ ಹಾಕ್ತೀನಿ. ನಿಜವಾಗಿ ಹಿಡ್ಕೊಂಡಿರೋದು ಒಳಗಡೆ ಎರಡು ಅಗುಳಿ. ಎಡಗಡೆ ಚೌಕಟ್ಟಿನ ಮರದ ಪಟ್ಟಿ ಎತ್ತಿದ್ರೆ ಸಿಗುತ್ತೆ. ಹೊರಗಿಂದ ಯಾರಪ್ಪ ಬಂದ್ರೂ ಆಗಲ್ಲ."

"ಅದು ಯಾರಿಗೆ ಗೊತ್ತು?"

"ಬೆಂಕಿ ಗಿಂಕಿ ಬಿದ್ರೆ ಹೊರಗೆ ಹಾರ್ಬೇಕಲ್ಲ, ಅದಕ್ಕೆ ಮನೇಲಿ ಒಬ್ಬರಿಗೆ ಕಲಿಸ್ತೀನಿ. ಹೊಗೇಲಿ ಕಣ್ಣು ಕಾಣಲ್ಲ, ಕೈಗೇ ಗೊತ್ತಾಗ್ಬೇಕು. ಹತ್ತು ಸಲ ಮಾಡಿಸ್ತೀನಿ. ಅಲ್ಲಿ ಆ ಮೈದುನಂಗೆ ಮಾಡಿಸಿದ್ದೆ. ಅತ್ತಿಗೆಗೆ ನಾನೇ ಹೇಳ್ಕೊಡ್ತೀನಿ ಅಂದಿದ್ದ."

ಮಹಡಿ ಮೇಲೆ ಮಲಗಿದ್ದವನಿಗೆ ಹತ್ತು ಸಲ! ಇಬ್ಬರಲ್ಲಿ ಒಬ್ಬ ಸುಳ್ಳುಗಾರ. ಆದರೆ ಮಾಜಿ ಕಳ್ಳನ ಬಾಯಿಮಾತನ್ನು ಯಾವ ನ್ಯಾಯಾಧೀಶರು ಕಿವಿಗೆ ಹಾಕಿಕೊಳ್ಳುತ್ತಾರೆ? ಇನ್‌ಸ್ಪೆಕ್ಟರಮ್ಮನಿಗೆ ಸಾಕ್ಷಿ ಬೇಕಿತ್ತು.

*

ಮರುದಿನ ಬೆಳಿಗ್ಗೆ ಗ್ರಿಲ್ ಮತ್ತೆ ತನ್ನ ಜಾಗದಲ್ಲಿತ್ತು. ಮೈದುನನಿಲ್ಲದ ಹೊತ್ತು ನೋಡಿ ಇನ್‌ಸ್ಪೆಕ್ಟರಮ್ಮ ಚಿಲಕನನ್ನೇ ಕರೆತಂದು ಕೂರಿಸಿದ್ದರು. ಅಗುಳಿ ಒಳಗೆ, ಸ್ಕ್ರೂ ಹೊರಗೆ, ಮೊದಲಿದ್ದಂತೆಯೇ.

ಮೈದುನ ಬಂದ. ಇನ್‌ಸ್ಪೆಕ್ಟರಮ್ಮ ಅವನನ್ನು ಕೋಣೆಯೊಳಗೆ ಕರೆದು ಕೈಗೆ ಸ್ಕ್ರೂಡ್ರೈವರ್ ಕೊಟ್ಟರು.

"ರಾತ್ರಿ ಭದ್ರವಾಗಿರ್ಲಿ ಅಂತ ಕೂರಿಸಿದ್ವಿ, ಈಗ ಈ ಗ್ರಿಲ್ ಸಾಕ್ಷಿಗೆ ಬೇಕು. ಹೆಡ್ಡು ಹೊರಗೆ ಹಿಡ್ಕೊಂಡು ನಿಂತಿದ್ದಾರೆ. ಸ್ವಲ್ಪ ಬಿಚ್ಚಿಕೊಡಿ. ಬೇಗ, ಗಾಡಿ ಕಾಯ್ತಿದೆ."

"ಭಾರ ಮೇಡಂ, ಕೈಯೆಲ್ಲ ನೋವು," ಎಂದು ಹೆಡ್ಡು ಹೊರಗಿನಿಂದ ನರಳಿದ. ಮಹಾ ನಟ.

ಮೈದುನ ಕಿಟಕಿಗೆ ಹೋದ. ಸ್ಕ್ರೂಡ್ರೈವರನ್ನು ಕಟ್ಟೆಯ ಮೇಲಿಟ್ಟ. ಅವನ ಹೆಬ್ಬೆರಳು ನೇರವಾಗಿ ಎಡಗಡೆಯ ಮರದ ಪಟ್ಟಿಗೆ ಹೋಯಿತು. ಪಟ್ಟಿ ಎದ್ದಿತು. ಒಂದು ಅಗುಳಿ ಸರಿಯಿತು.

ಆಮೇಲೆ ಅವನ ಕೈ ಅಲ್ಲೇ ನಿಂತಿತು.

"ಸ್ಕ್ರೂ ಇರೋದು ಹೊರಗಡೆ ಅಲ್ವಾ?" ಇನ್‌ಸ್ಪೆಕ್ಟರಮ್ಮ ಮೆಲ್ಲಗೆ ಕೇಳಿದರು. "ಗೊತ್ತಿಲ್ಲದವರು ಹಿತ್ತಲಿಗೆ ಓಡ್ತಿದ್ರು. ನಿಮ್ಮ ಕೈ ಕಲಿತ ಪಾಠ ಒಪ್ಪಿಸಿಬಿಡ್ತು."

ಮೈದುನ ಪಟ್ಟಿಯನ್ನು ಮತ್ತೆ ಒತ್ತಿ ಮುಚ್ಚಿದ.

"ಅಗುಳಿ ಒಳಗಿಂದಲೇ ಸರಿಸ್ಬೇಕು. ಬೀಗ ಒಡೆದಿಲ್ಲ. ನಿಮ್ಮತ್ತಿಗೆ ನಿನ್ನೆ ಬೆಳಿಗ್ಗೆಯಿಂದ ಅಂಗಡೀಲಿ ಗಿರಾಕಿಗಳ ಕಣ್ಣೆದುರೇ ಇದ್ರು. ಇನ್ನುಳಿದಿದ್ದು ನಿಮ್ಮ ಕೀಲಿ. ಒಳಗೆ ಬಂದ್ರಿ, ಡಬ್ಬಿ ತಗೊಂಡ್ರಿ, ಗ್ರಿಲ್ ಕಳಚಿದ್ರಿ. ಚಿಲಕನ ತಲೆಗೆ ಕಟ್ಟೋಕೆ ಹೊರಗಿನ ಸ್ಕ್ರೂನೂ ಬಿಚ್ಚಿ ಜೋಡಿಸಿದ್ರಿ. ಅವನೇ ಕದ್ದಿದ್ರೆ ಆ ಸ್ಕ್ರೂಗಳನ್ನ ಮುಟ್ತಾನೇ ಇರ್ಲಿಲ್ಲ. ಅವು ಬರೀ ತೋರಿಕೆಗೆ ಅಂತ ಅವನಿಗೆ ಗೊತ್ತು."

"ಗ್ರಿಲ್ ಹಾಕೋಕೆ ಚಿಲಕನ್ನೇ ಕರೆಸೋಣ ಅಂತ ಹಠ ಹಿಡಿದೋನು ಇವ್ನೇ ಮೇಡಂ!" ಟೈಲರಮ್ಮ ಗೋಡೆಗೆ ಒರಗಿದಳು. ಡಬ್ಬಿ ಮಹಡಿಯ ಹಳೇ ಹಾಸಿಗೆಯೊಳಗೆ ಸಿಕ್ಕಿತು. ಅವಳು ಅದನ್ನು ತೆರೆದೂ ನೋಡಲಿಲ್ಲ. "ಕೇಳಿದ್ರೆ ನಾನು ಕೊಡ್ತಿರ್ಲಿಲ್ವೇನೋ?" ಎಂದಳು.

*

ಚಿಲಕ ಠಾಣೆಯ ಮೆಟ್ಟಿಲಿಳಿದು ಬಂದಾಗ ಮಗಳು ಬೇಲಿಯ ಪಕ್ಕದಲ್ಲಿದ್ದಳು.

"ನಾನೂ ನೀನೇ ಅಂದ್ಕೊಂಡೆ ಅಪ್ಪಾ. ಬಟ್ಟೆ ಕಟ್ಕೊಂಡು ಹೊರಟಿದ್ದೆ."

"ಮತ್ತೆ ಯಾಕೆ ನಿಂತೆ?"

"ಆಗೆಲ್ಲ ನೀನು ಕದ್ದು ಸಿಕ್ಕಿಬಿದ್ದಾಗ ನನ್ನ ತಲೆ ಮುಟ್ಟಿ 'ನಾನಲ್ಲ' ಅಂತ ಆಣೆ ಹಾಕ್ತಿದ್ದೆ. ಈ ಸಲ ಒಂದು ಸಲಾನೂ ಹಾಕ್ಲಿಲ್ಲ."

ಚಿಲಕ ಅಲ್ಲೇ ಬೇಲಿ ಹಿಡಿದು, ಜನ ನೋಡುತ್ತಿದ್ದಾರೆ ಎಂಬುದನ್ನೂ ಮರೆತು ಅತ್ತುಬಿಟ್ಟ.